ಸಾವಿನ ಮನೆಯಲ್ಲಿ ಬಂದೂಕಿನ ವಕಾಲತ್ತು

ಗುಂಡೇಟಿಗೆ ಯಾರಾದರೂ ಬಲಿಯಾದರೆ ನಮ್ಮಲ್ಲಿ ಒಂದು ಮಾತು ತಪ್ಪದೇ ಕೇಳಿಸುತ್ತದೆ: ‘ಅವರ ಕೈಯಲ್ಲೂ ಒಂದು ಪಿಸ್ತೂಲು ಇದ್ದಿದ್ದರೆ ಹೀಗಾಗುತ್ತಿರಲಿಲ್ಲ.’ ಪೀಣ್ಯದ ಕಾರ್ಖಾನೆಗಳಲ್ಲಿ ಪಾಳಿ ಮುಗಿಸಿದವರು ಸೇರುವ ರಾಜಗೋಪಾಲನಗರದ ಚಹಾದಂಗಡಿಯಲ್ಲಿ ಈ ಮಾತು ಹುಟ್ಟಿದರೆ ಅದೊಂದು ಚರ್ಚೆ. ಆಯುಧ ಹೊಂದುವುದು ಪ್ರಜೆಯ ಹಕ್ಕೋ ಅಲ್ಲವೋ ಎಂದು ಅಲ್ಲಿ ಎಷ್ಟು ಹೊತ್ತು ಬೇಕಾದರೂ ವಾದಿಸಬಹುದು. ಆದರೆ ಇದೇ ಮಾತನ್ನು ಸತ್ತವರ ಮನೆಯ ಜಗಲಿಯಲ್ಲಿ ಕೂತು ಆಡಿದರೆ? ಆಗ ಅದು ಸಾಂತ್ವನವಲ್ಲ, ಆರೋಪ. ಸತ್ತವರು ತಮ್ಮದೇ ಅಜಾಗ್ರತೆಯಿಂದ ಸತ್ತರು ಎಂದೇ ಅದರ ಅರ್ಥ.

ಇಷ್ಟಕ್ಕೂ ಈ ವಾದದಲ್ಲಿ ಹುರುಳಿದೆಯೇ? ನಮ್ಮದೇ ರಾಜ್ಯದ ಎರಡು ಹತ್ಯೆಗಳನ್ನು ನೋಡೋಣ. 2015ರ ಆಗಸ್ಟ್ 30ರ ಬೆಳಗ್ಗೆ ಹಿರಿಯ ಸಂಶೋಧಕ ಡಾ. ಎಂ.ಎಂ. ಕಲಬುರ್ಗಿಯವರನ್ನು ಧಾರವಾಡದ ಅವರ ಮನೆಯ ಬಾಗಿಲಲ್ಲೇ ಗುಂಡಿಟ್ಟು ಕೊಲ್ಲಲಾಯಿತು. 2017ರ ಸೆಪ್ಟೆಂಬರ್ 5ರ ರಾತ್ರಿ ಪತ್ರಕರ್ತೆ ಗೌರಿ ಲಂಕೇಶ್ ಅವರನ್ನು ಬೆಂಗಳೂರಿನ ರಾಜರಾಜೇಶ್ವರಿ ನಗರದ ಅವರ ಮನೆಯೆದುರೇ ಕೊಲ್ಲಲಾಯಿತು. ಬಂದವರಿಗೆ ‘ಬರ್ರಿ, ಕೂಡ್ರಿ’ ಎನ್ನುವ ಧಾರವಾಡದಲ್ಲಿ ಒಬ್ಬ ಹಿರಿಯ ಪ್ರಾಧ್ಯಾಪಕರು ಪಿಸ್ತೂಲು ಹಿಡಿದು ಬಾಗಿಲಿಗೆ ಬರಬೇಕಿತ್ತೇ? ಕಚೇರಿಯ ಕೆಲಸ ಮುಗಿಸಿ ಮನೆಗೆ ಮರಳುವ ಹೆಣ್ಣುಮಗಳು ಒಂದು ಕೈಯಲ್ಲಿ ಗೇಟು ತೆರೆಯುತ್ತಾ ಇನ್ನೊಂದು ಕೈಯಲ್ಲಿ ಗುರಿ ಹಿಡಿಯಬೇಕಿತ್ತೇ? ದಿನ, ಹೊತ್ತು, ಜಾಗ ಎಲ್ಲವನ್ನೂ ನಿಗದಿ ಮಾಡಿಕೊಂಡು ಬರುವವನು ಕೊಲೆಗಾರ. ಅವನೆದುರು ಚೀಲದಲ್ಲಿರುವ ಪಿಸ್ತೂಲು ಏನು ಮಾಡೀತು?

ಎರಡೂ ಹತ್ಯೆಗಳಿಗೆ ಬಳಕೆಯಾದದ್ದು 7.65 ಎಂ.ಎಂ.ನ ಒಂದೇ ನಾಡಪಿಸ್ತೂಲು ಎಂದು ವಿಧಿವಿಜ್ಞಾನ ಪರೀಕ್ಷೆ ಹೇಳಿತು. ಧಾರವಾಡದಲ್ಲಿ ಒಂದು ಜೀವ ತೆಗೆದ ಆಯುಧ ಎರಡು ವರ್ಷ ಯಾರ ಕೈಗೂ ಸಿಗದೆ ಉಳಿದು ಬೆಂಗಳೂರಿನಲ್ಲಿ ಇನ್ನೊಂದು ಜೀವ ತೆಗೆಯಿತು. ಆದ್ದರಿಂದ ನಾವು ಕೇಳಬೇಕಾದದ್ದು ಗೌರಿಯವರ ಬಳಿ ಪಿಸ್ತೂಲು ಏಕಿರಲಿಲ್ಲ ಎಂದಲ್ಲ, ಹಂತಕರ ಬಳಿ ಆ ಪಿಸ್ತೂಲು ಅಷ್ಟು ದಿನ ಏಕಿತ್ತು ಎಂದು.

ಸಂತ್ರಸ್ತ ಕುಟುಂಬಗಳು ಕೇಳಿದ್ದೂ ಇದನ್ನೇ. ಕಲಬುರ್ಗಿಯವರ ಪತ್ನಿ ಉಮಾದೇವಿಯವರು ಸರಿಯಾದ ತನಿಖೆಗಾಗಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. 2019ರ ಫೆಬ್ರವರಿಯಲ್ಲಿ ಆ ತನಿಖೆ ವಿಶೇಷ ತನಿಖಾ ತಂಡದ ಕೈಸೇರಿತು. ಆರೋಪಿಯೊಬ್ಬನ ಮೇಲಿನ ಕೋಕಾ ಕಾಯ್ದೆಯ ಆರೋಪವನ್ನು ಹೈಕೋರ್ಟ್ ಕೈಬಿಟ್ಟಾಗ ಗೌರಿಯವರ ತಂಗಿ ಕವಿತಾ ಲಂಕೇಶ್ ಸುಪ್ರೀಂ ಕೋರ್ಟಿಗೆ ಹೋಗಿ 2021ರಲ್ಲಿ ಗೆದ್ದರು. ಈ ಇಬ್ಬರು ಹೆಣ್ಣುಮಕ್ಕಳು ನ್ಯಾಯಾಲಯದ ಮುಂದಿಟ್ಟದ್ದು ನ್ಯಾಯದ ಬೇಡಿಕೆಯನ್ನು, ಬಂದೂಕಿನ ಪರವಾನಗಿಯನ್ನಲ್ಲ.

ಬಂದೂಕಿನ ಹಕ್ಕಿನ ಪರ ವಾದಿಸುವವರನ್ನೆಲ್ಲ ಕೊಲೆಗಡುಕರ ಸಾಲಿಗೆ ಸೇರಿಸುವುದೂ ಅನ್ಯಾಯ. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿಯಿದೆ. 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಹಬ್ಬದಂದು ಕೋವಿಗೆ ಹೂವಿಟ್ಟು ಪೂಜಿಸುವ ಕುಟುಂಬವಾಗಲಿ, ಕಾಡುಹಂದಿಯಿಂದ ಬೆಳೆ ಉಳಿಸಿಕೊಳ್ಳಲು ಕೋವಿ ಇಟ್ಟುಕೊಂಡ ಮಲೆನಾಡಿನ ರೈತನಾಗಲಿ ಈ ಹತ್ಯೆಗಳಿಗೆ ಹೊಣೆಯಲ್ಲ. ಬ್ರಿಟಿಷರ ಶಸ್ತ್ರ ಕಾಯ್ದೆಯನ್ನು ಸ್ವತಃ ಗಾಂಧೀಜಿಯೇ ಕಟುವಾಗಿ ಟೀಕಿಸಿದ್ದರು. ಆಯುಧದ ಹಕ್ಕು ಮೂಲಭೂತ ಹಕ್ಕಾಗಬೇಕೆಂದು ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್ ಅವರು ಸಂವಿಧಾನ ಸಭೆಯಲ್ಲಿ ತಿದ್ದುಪಡಿ ಮಂಡಿಸಿದ್ದರು. ಹಾಗೆ ಮಾಡಿದರೆ ರೂಢಿಗತ ಅಪರಾಧಿಗಳೂ ಅದೇ ಹಕ್ಕು ಕೇಳುತ್ತಾರೆಂಬುದು ಅಂಬೇಡ್ಕರರ ಆಕ್ಷೇಪ. 1948ರ ಡಿಸೆಂಬರಿನಲ್ಲಿ ಸಭೆ ಅದನ್ನು ತಿರಸ್ಕರಿಸಿತು. ಗಾಂಧೀಜಿ ಗುಂಡಿಗೆ ಬಲಿಯಾಗಿ ಆಗಿನ್ನೂ ವರ್ಷವೂ ತುಂಬಿರಲಿಲ್ಲ.

ಅಷ್ಟಕ್ಕೂ ಆ ಹಕ್ಕು ಸಿಕ್ಕಿದರೆ ಲಾಭ ಯಾರಿಗೆ? ರಾತ್ರಿ ಪಾಳಿ ಮುಗಿಸಿ ಕತ್ತಲ ಗಲ್ಲಿಯಲ್ಲಿ ಮನೆಗೆ ನಡೆಯುವ ರಾಜಗೋಪಾಲನಗರದ ಕಾರ್ಮಿಕಳು ಬಂದೂಕು ಕೊಳ್ಳುವಳೇ? ಬಾಡಿಗೆ, ರೇಷನ್ನು, ಮಕ್ಕಳ ಫೀಸು ಕಳೆದು ಅವಳ ಕೈಯಲ್ಲಿ ಉಳಿಯುವುದೆಷ್ಟು? ಕೊಳ್ಳುವವನು ಹಣವಂತ. ಈಗಲೇ ಹಣದಿಂದ, ಪ್ರಭಾವದಿಂದ ಬಲಿಷ್ಠನಾದವನ ಸೊಂಟಕ್ಕೆ ಇನ್ನೊಂದು ಬಲ ಸೇರುತ್ತದೆ ಅಷ್ಟೇ. ಅವಳಿಗೆ ಬೇಕಿರುವುದು ಬೀದಿದೀಪ, ಹೊತ್ತಿಗೆ ಸರಿಯಾಗಿ ಬರುವ ಬಸ್ಸು, ದೂರು ಕೊಟ್ಟರೆ ಬರೆದುಕೊಳ್ಳುವ ಪೊಲೀಸ್ ಠಾಣೆ.

ಸತ್ತವರನ್ನೇ ಕಟಕಟೆಯಲ್ಲಿ ನಿಲ್ಲಿಸುವ ಚಾಳಿ ಸರಕಾರಕ್ಕೂ ಇದೆ. 2019ರ ಡಿಸೆಂಬರ್ 19ರಂದು ಮಂಗಳೂರಿನಲ್ಲಿ ಪೊಲೀಸರ ಗುಂಡಿಗೆ ಇಬ್ಬರು ಬಲಿಯಾದರು. ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರು ತಲಾ 10 ಲಕ್ಷ ರೂಪಾಯಿ ಪರಿಹಾರ ಘೋಷಿಸಿದರು, ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿದರು. ಸತ್ತವರು ನಿರಪರಾಧಿಗಳೆಂದು ಮೊದಲು ಸಾಬೀತಾಗಬೇಕಂತೆ! ಮಯ್ಯಿತ್ತಿನ ಮನೆಯಲ್ಲಿ ಇನ್ನೂ ಕಣ್ಣೀರು ಆರಿರಲಿಲ್ಲ. ಗುಂಡು ಹಾರಿಸಿದವರನ್ನು ಬಿಟ್ಟು ಗುಂಡು ತಗುಲಿದವರ ಬಳಿ ವಿವರಣೆ ಕೇಳುವುದು ಎಲ್ಲಿಯ ನ್ಯಾಯ?

2024ರ ಅಕ್ಟೋಬರಿನಲ್ಲಿ ಜಾಮೀನಿನ ಮೇಲೆ ಹೊರಬಂದ ಗೌರಿ ಹತ್ಯೆಯ ಇಬ್ಬರು ಆರೋಪಿಗಳಿಗೆ ವಿಜಯಪುರದಲ್ಲಿ ಹಾರ ಹಾಕಿ ಸ್ವಾಗತಿಸಲಾಯಿತು. ಜಾಮೀನು ಆರೋಪಿಯ ಹಕ್ಕು, ಅದನ್ನು ನಾವು ಪ್ರಶ್ನಿಸುವುದಿಲ್ಲ. ಆದರೆ ಹಾರ? ತಮ್ಮವರನ್ನು ಕಳೆದುಕೊಂಡ ಮನೆಯವರು ಆ ಚಿತ್ರವನ್ನು ನೋಡಿರಲಾರರೇ? ಹಾರ ಹಿಡಿದು ನಿಲ್ಲುವ ಸಮಾಜದಲ್ಲಿ ಆತ್ಮರಕ್ಷಣೆಗೆ ಪಿಸ್ತೂಲು ಇಟ್ಟುಕೊಳ್ಳಿ ಎಂಬ ಸಲಹೆ ಬರೀ ಕ್ರೌರ್ಯ.

ಗುಂಡಿಗೆ ಬಲಿಯಾದವರ ಮನೆಗೆ ಹೋದರೆ ಸುಮ್ಮನೆ ಕೂರೋಣ. ಮಾತನಾಡಲೇಬೇಕೆಂದಿದ್ದರೆ ಕೇಸು ಎಲ್ಲಿಗೆ ಬಂತೆಂದು ಕೇಳೋಣ, ಮುಂದಿನ ವಿಚಾರಣೆಯ ದಿನ ಅವರ ಜೊತೆ ಕೋರ್ಟಿಗೆ ಹೋಗೋಣ. ಹಕ್ಕಿನ ಚರ್ಚೆಗೆ ಚಹಾದಂಗಡಿಯಿದೆ, ವಿಧಾನಸಭೆಯಿದೆ, ಪತ್ರಿಕೆಯ ಪುಟಗಳಿವೆ. ಸಾವಿನ ಮನೆಯ ಜಗಲಿಯನ್ನಾದರೂ ಬಿಟ್ಟುಬಿಡಬಾರದೇ?