ಕ್ಯಾಮೆರಾ ನಮ್ಮದು, ಕೀಲಿ ಯಾರದು?

ಅಗಳಿ, ರೊಳ್ಳ, ಗುಡಿಬಂಡ, ಅಮರಾಪುರಂ. ಮಡಕಶಿರಾ ಸೀಮೆಯ ಈ ಕನ್ನಡ ಮಂಡಲಗಳಲ್ಲಿ ಯಾವ ಊರಿಗೆ ಹೋದರೂ ಹೊಸ ಮನೆಯ ಸೂರಿನಡಿ ದೃಷ್ಟಿಗೆ ಕಟ್ಟಿದ ಬೂದುಗುಂಬಳಕಾಯಿ, ಅದರ ಪಕ್ಕದಲ್ಲೊಂದು ಬಿಳೀ ಕ್ಯಾಮೆರಾ ಕಾಣುತ್ತವೆ. ಮಕ್ಕಳು ಬೆಂಗಳೂರಲ್ಲೋ ತುಮಕೂರಲ್ಲೋ ಇದ್ದಾರೆ. ಊರಲ್ಲಿ ಉಳಿದವರು ಮುದುಕರು, ಬೋರು, ರೇಷ್ಮೆ ಹುಳು ಮನೆ, ಎರಡು ಎಮ್ಮೆ. ಗೇಟಿಗೊಂದು, ಜಗುಲಿಗೊಂದು, ಹುಳು ಮನೆಗೊಂದು, ಹಿತ್ತಲ ಬೋರಿಗೊಂದು ಅಂತ ನಾಲ್ಕು ಕ್ಯಾಮೆರಾ ಹಾಕಿಸಿ, ಮಗ ಅಲ್ಲಿ ಕೂತೇ ಮೊಬೈಲಿನಲ್ಲಿ ಮನೆ ನೋಡುತ್ತಾನೆ. ಆದೋನಿಯ ಹತ್ತಿ ವ್ಯಾಪಾರಿಗಳೂ ರಾಯದುರ್ಗದ ಬಟ್ಟೆಯವರೂ ಇದನ್ನು ನಮಗಿಂತ ಮೊದಲೇ ಮಾಡಿದ್ದಾರೆ. ಒಳ್ಳೆಯದೇ. ಮೋಟರಿನ ತಾಮ್ರದ ಕೇಬಲ್ ಒಂದು ಸಲ ಕಳಕೊಂಡವನಿಗೆ ಕ್ಯಾಮೆರಾ ಯಾಕೆ ಬೇಕು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ನಮ್ಮ ತಕರಾರು ಕ್ಯಾಮೆರಾದ ಮೇಲಲ್ಲ. ಅದರ ಕೀಲಿ ಯಾರ ಕೈಯಲ್ಲಿದೆ ಅಂತ ನಾವು ಕೇಳುತ್ತಿಲ್ಲವಲ್ಲ, ಅದರ ಮೇಲೆ.

ನಮ್ಮ ಮನೆಯದನ್ನೇ ಹೇಳುತ್ತೇನೆ. ಕ್ಯಾಮೆರಾ ಹಾಕಿಸಿ ಎಂಟು ತಿಂಗಳಾಗಿತ್ತು. ಒಂದು ರಾತ್ರಿ ಹಿತ್ತಲ ಬೋರಿನ ಕೇಬಲ್ ಹೋಯಿತು. ಬೆಳಗ್ಗೆ ಪೆಟ್ಟಿಗೆ ಹಾಕಿ ನೋಡಿದರೆ ಇಬ್ಬರು ದೊಂಗರು ಎದ್ದು ಕಾಣುತ್ತಿದ್ದಾರೆ. ಸಿಕ್ಕಿದರು ಅಂತ ಖುಷಿಯಲ್ಲಿ ಸ್ಟೇಷನ್ನಿಗೆ ಓಡಿದೆ. ಕಳ್ಳತನ ಆದದ್ದು ನಾಯಿ ಬೊಗಳಿದ ಹೊತ್ತು, ರಾತ್ರಿ 2 ಗಂಟೆ 10 ನಿಮಿಷ. ಚಿತ್ರದ ಮೂಲೆಯಲ್ಲಿ ಇದ್ದದ್ದು ಹಿಂದಿನ ರಾತ್ರಿ 8 ಗಂಟೆ 40 ನಿಮಿಷ. 'ಎಂಟೂ ನಲವತ್ತಕ್ಕೆ ಊರೆಲ್ಲಾ ಎದ್ದೇ ಇರುತ್ತಲ್ಲಪ್ಪಾ' ಅಂದರು ಅಲ್ಲಿನವರು. ಪೆಟ್ಟಿಗೆ ಲಂಡನ್ ಗಡಿಯಾರದಲ್ಲಿ ಕೂತಿತ್ತು. ನಮಗೂ ಅದಕ್ಕೂ ಐದೂವರೆ ಗಂಟೆ ವ್ಯತ್ಯಾಸ.

ಸರಿ, ಟೈಮ್ ತಿದ್ದೋಣ ಅಂದರೆ ಪಾಸ್‌ವರ್ಡ್ ಬೇಕು. ಅದು ಹಾಕಿಕೊಟ್ಟ ಹುಡುಗನ ಹತ್ತಿರ. ಅವನು ಪೆಟ್ಟಿಗೆಯನ್ನು ನೋಂದಾಯಿಸಿದ್ದು ತನ್ನ ಫೋನಿನಲ್ಲಿ. ನನ್ನ ಮಗನಿಗೆ ನೋಡುವುದಕ್ಕಷ್ಟೇ ಪಾಲು ಕೊಟ್ಟಿದ್ದ. ಅವನ ನಂಬರು ಸ್ವಿಚ್ ಆಫ್. ಕಂಪನಿಯ ಸೇವಾ ಕೇಂದ್ರದವರು ಬಿಲ್ ತನ್ನಿ ಅಂದರು. ಬಿಲ್ ಬೇಡ ಅಂದರೆ 18 ಪರ್ಸೆಂಟ್ ಜಿಎಸ್‌ಟಿ ಉಳಿಯುತ್ತೆ ಅಂತ ಅವತ್ತು ಲೆಕ್ಕ ಹಾಕಿದ ಜಾಣ ನಾನೇ.

ಮನೆಯಾಕೆ ಕೇಳಿದ್ದು ಒಂದೇ ಮಾತು: 'ಹಂಗಾದ್ರೆ ಎಂಟು ತಿಂಗಳಿಂದ ಅವನು ನಮ್ಮ ಜಗುಲಿ ನೋಡ್ತಿದ್ನಾ?'

ನೋಡಿದ ಅಂತ ನಾನು ಹೇಳಲಾರೆ. ನೋಡಬಹುದಿತ್ತು. ತೆಲುಗಿನಲ್ಲಿ ಮಾತಿದೆಯಲ್ಲ, ಇಂಟಿ ದೊಂಗನು ಈಶ್ವರುಡೈನಾ ಪಟ್ಟಲೇಡು ಅಂತ. ಗೋಡೆ ಹಾರಿ ಬಂದವನನ್ನು ಕ್ಯಾಮೆರಾ ಹಿಡಿಯುತ್ತದೆ. ಕ್ಯಾಮೆರಾದೊಳಗೇ ಕೂತವನನ್ನು ಯಾವುದು ಹಿಡಿಯಬೇಕು?

ಇದು ಬರೀ ನಮ್ಮ ಹಳ್ಳಿಯ ಅಜ್ಞಾನ ಅಂದುಕೊಳ್ಳಬೇಡಿ. 2016ರಲ್ಲಿ ಮಿರಾಯ್ ಅನ್ನುವ ಒಂದು ದುಷ್ಟ ಪ್ರೋಗ್ರಾಂ, ಕಾರ್ಖಾನೆಯಲ್ಲಿ ಹಾಕಿದ್ದ 60ಕ್ಕೂ ಹೆಚ್ಚು ಹೆಸರು-ಪಾಸ್‌ವರ್ಡ್ ಜೋಡಿಗಳ ಪಟ್ಟಿ ಹಿಡಿದು ಲೋಕದ ತುಂಬಾ ಕ್ಯಾಮೆರಾ, ಡಿವಿಆರ್‌ಗಳ ಒಳಹೊಕ್ಕಿತು. ಆ ವರ್ಷದ ಅಕ್ಟೋಬರ್ 21ರಂದು ಆ ಪೆಟ್ಟಿಗೆಗಳನ್ನೇ ಸೈನ್ಯ ಮಾಡಿಕೊಂಡು ಹೊಡೆದ ಹೊಡೆತಕ್ಕೆ ಅಮೆರಿಕದಲ್ಲಿ ದೊಡ್ಡ ದೊಡ್ಡ ಜಾಲತಾಣಗಳು ಗಂಟೆಗಟ್ಟಲೆ ಮಲಗಿದವು. ಅದು ದೂರದ ಮಾತಾಯಿತು. 2025ರ ಫೆಬ್ರವರಿಯಲ್ಲಿ ಗುಜರಾತಿನ ರಾಜ್‌ಕೋಟ್‌ನ ಒಂದು ಹೆರಿಗೆ ಆಸ್ಪತ್ರೆಯ ಕ್ಯಾಮೆರಾದಿಂದ ಹೆಣ್ಣುಮಕ್ಕಳ ತಪಾಸಣೆಯ ದೃಶ್ಯಗಳನ್ನು ಕದ್ದು ಮಾರಿದ್ದು ಹೊರಬಂತು. ಕಾವಲಿಗೆ ಅಂತ ಇಟ್ಟದ್ದೇ ಅಲ್ಲಿ ಮಾನ ಕಳೆಯಿತು. ಬೇಲಿ ಎದ್ದು ಹೊಲ ಮೇದ ಹಾಗೆ.

2025ರ ಏಪ್ರಿಲ್ 9ರಿಂದ ಇಂಥ ಕ್ಯಾಮೆರಾಗಳನ್ನು ಮಾರಬೇಕಾದರೆ ಭದ್ರತಾ ಪರೀಕ್ಷೆ ಆಗಿರಬೇಕು ಅಂತ ಕೇಂದ್ರ ಸರ್ಕಾರದ ನಿಯಮ ಬಂದಿದೆ. ಸ್ವಾಗತ. ಆದರೆ ನಮ್ಮ ಜಗುಲಿಗಳಲ್ಲಿ ಅದಕ್ಕೆ ಮೊದಲೇ ಹಾಕಿದ್ದು ನೇತಾಡುತ್ತಿವೆಯಲ್ಲ, ಅವನ್ನು ನೋಡಿಕೊಳ್ಳಬೇಕಾದವರು ನಾವೇ. ಎಂಥ ಒಳ್ಳೆಯ ಪೆಟ್ಟಿಗೆಯಾದರೂ ಪಾಸ್‌ವರ್ಡ್ ಇನ್ನೊಬ್ಬರ ಹತ್ತಿರ ಇದ್ದರೆ ಯಾವ ಪರೀಕ್ಷೆಯೂ ಕಾಯುವುದಿಲ್ಲ.

ಹಾಗಾದರೆ ಮಾಡುವುದೇನು? ಹುಡುಗ ಏಣಿ ಇಳಿಯುವ ಮೊದಲೇ ಆ್ಯಪ್ ನಿಮ್ಮ ಫೋನಿಗೆ ಹಾಕಿಸಿ, ಪೆಟ್ಟಿಗೆಯ ಮೇಲಿನ ಕ್ಯೂಆರ್ ಗುರುತನ್ನು ನಿಮ್ಮ ನಂಬರಿನಲ್ಲೇ ನೋಂದಾಯಿಸಿ. ಪಾಸ್‌ವರ್ಡ್ ನೀವೇ ಒತ್ತಿ, ಅವನು ಆ ಕಡೆ ತಿರುಗಿರಲಿ. ಎಮ್ಮೆಯ ಹೆಸರು, ಹುಟ್ಟಿದ ಇಸವಿ ಬೇಡ. ಮಗನಿಗೆ, ಮಗಳಿಗೆ ನೀವು ಪಾಲು ಕೊಡಿ, ಅವರು ನಿಮಗೆ ಕೊಡುವುದಲ್ಲ. ರಿಪೇರಿಗೆ ಅವನು ಬಂದಾಗ ಕೊಟ್ಟರೂ ಹೋದ ಮೇಲೆ ತೆಗೆದುಬಿಡಿ. ವೈಫೈ ರೂಟರಿನ ಪಾಸ್‌ವರ್ಡಿಗೂ ಇದೇ ನ್ಯಾಯ.

ಪೆಟ್ಟಿಗೆ ಟೀವಿ ಕೆಳಗೆ ಇಡುವ ಅಭ್ಯಾಸ ಬಿಡಬೇಕು. ಕಳ್ಳನಿಗೂ ಅದು ಏನು ಅಂತ ಗೊತ್ತು. ತಿಜೋರಿ ಬಿಟ್ಟು ಪೆಟ್ಟಿಗೆಯನ್ನೇ ಎತ್ತಿಕೊಂಡು ಹೋದರೆ ಸಾಕ್ಷಿಯೇ ಹೋಯಿತು. ಒಳಕೋಣೆಯಲ್ಲಿ, ಗಾಳಿ ಆಡುವ ಜಾಗದಲ್ಲಿ, ಬೀಗದೊಳಗೆ ಇರಲಿ. ಕರೆಂಟು ನಮ್ಮ ಕಡೆ ಹೇಳಿಕೇಳಿ ಹೋಗುವುದಲ್ಲ. ಪೆಟ್ಟಿಗೆಗೆ ಯುಪಿಎಸ್ ಕೊಟ್ಟು ರೂಟರನ್ನು ಮರೆತರೆ ದಾಖಲೆ ಆಗುತ್ತದೆ, ಮಗನಿಗೆ ಮಾತ್ರ ಏನೂ ಕಾಣುವುದಿಲ್ಲ.

ಹಾರ್ಡ್ ಡಿಸ್ಕಿನ ಲೆಕ್ಕ ವ್ಯಾಪಾರಿಗಳಿಗೆ ಬೇಗ ಹೊಳೆಯುತ್ತದೆ. 2 ಮೆಗಾಪಿಕ್ಸೆಲ್ ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್‌ನಂತೆ ಬರೆದರೆ ದಿನಕ್ಕೆ ಸುಮಾರು 22 ಜಿಬಿ. ನಾಲ್ಕಕ್ಕೆ 86 ಜಿಬಿ. 1 ಟಿಬಿ ಡಿಸ್ಕಿನಲ್ಲಿ 11 ದಿನ, ಅಷ್ಟೇ. ಹನ್ನೆರಡನೇ ದಿನ ಹಳೆಯದರ ಮೇಲೇ ಹೊಸದು ಬರೆಯುತ್ತದೆ. ತಿರುಪತಿಗೆ, ಮಂತ್ರಾಲಯಕ್ಕೆ, ಹಾಗೇ ಮಗಳ ಮನೆಗೆ ಅಂತ ಹದಿನೈದು ದಿನ ತಿರುಗಿ ಬಂದವರಿಗೆ ಮೊದಲ ದಿನದ ಕಳ್ಳತನ ಸಿಗುವುದಿಲ್ಲ. (ರಾತ್ರಿ ಲೆನ್ಸಿನ ಮುಂದೆ ಜೇಡ ಬಲೆ ಕಟ್ಟಿದರೆ ಮಗನ ಫೋನು ಬೆಳಗಿನ ತನಕ ಟಿಣ್ ಟಿಣ್ ಅನ್ನುತ್ತಲೇ ಇರುತ್ತದೆ. ವಾರಕ್ಕೊಮ್ಮೆ ಪೊರಕೆ ಆಡಿಸಿ.)

ಕಳ್ಳತನ ಆದರೆ ಅವತ್ತೇ ಆ ಹೊತ್ತಿನ ಭಾಗವನ್ನು ಪೆನ್‌ಡ್ರೈವಿಗೆ ಇಳಿಸಿಕೊಳ್ಳಿ. ಡಿಸ್ಕ್ ಅಳಿಸಬೇಡಿ, ಪೆಟ್ಟಿಗೆ ಬದಲಿಸಬೇಡಿ. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಇಂಥ ಪ್ರತಿಯ ಜೊತೆಗೆ ಒಂದು ಪ್ರಮಾಣಪತ್ರ ಕೋರ್ಟಿಗೆ ಬೇಕು. ಪೆಟ್ಟಿಗೆ ಯಾರ ಹತೋಟಿಯಲ್ಲಿದೆ ಅನ್ನುವುದು ಅಲ್ಲೂ ಬರುತ್ತದೆ. ನಮ್ಮದು ಗಡಿ. ಕೇಬಲ್ ಹೋದದ್ದು ಈ ರಾಜ್ಯದಲ್ಲಿ, ತಾಮ್ರ ತೂಕಕ್ಕೆ ಬೀಳುವುದು ಆ ರಾಜ್ಯದ ಗುಜರಿಯಲ್ಲಿ ಇರಬಹುದು. ಅದೇ ದಿನ ಬಂದ ಹೊಸ ಕ್ರಿಮಿನಲ್ ಪ್ರಕ್ರಿಯಾ ಕಾನೂನಿನ 173ನೇ ಕಲಮು ಅಪರಾಧ ಎಲ್ಲೇ ಆಗಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು ಅನ್ನುತ್ತದೆ. 'ಅದು ನಮ್ಮ ಸರಹದ್ದಲ್ಲ' ಅಂದರೆ ಇದನ್ನು ನೆನಪಿಸಿ.

ಇನ್ನು ನೆರೆಯವರ ವಿಷಯ. ಪಕ್ಕದ ಮನೆ ತೆಲುಗು ಹೆಣ್ಣುಮಗಳು ಒಂದು ದಿನ ಬೇಲಿ ಹತ್ತಿರ ನಿಂತು, 'ಅನ್ನಾ, ಮೀ ಕೆಮೆರಾ ಮಾ ದಿಕ್ಕೇ ಸೂಸ್ತಾಂದಿ' ಅಂದಳು. ನಿಜ. ಬೋರಿಗೆ ಅಂತ ಹಾಕಿದ್ದು ಅವರ ಬಚ್ಚಲಿನ ತಟ್ಟಿಯನ್ನೂ ಹಿಡಿಯುತ್ತಿತ್ತು. ಹೆಂಗಸರು ಏಕಾಂತದಲ್ಲಿರುವುದನ್ನು ನೋಡುವುದು, ಚಿತ್ರ ತೆಗೆಯುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನಲ್ಲಿ ಅಪರಾಧ. ಮೊದಲ ಸಲಕ್ಕೇ ಒಂದರಿಂದ ಮೂರು ವರ್ಷ ಜೈಲು. ನಮಗೆ ಆ ಬುದ್ಧಿ ಇರಲಿಲ್ಲ ಅಂದುಕೊಳ್ಳೋಣ. ಕೀಲಿ ಇಟ್ಟುಕೊಂಡಿದ್ದವನ ಬುದ್ಧಿಗೆ ಯಾರು ಜಾಮೀನು? ಚಿತ್ರದ ಒಂದು ಭಾಗಕ್ಕೆ ಕಪ್ಪು ತೇಪೆ ಹಾಕುವ ಅನುಕೂಲ ಬಹಳಷ್ಟು ಪೆಟ್ಟಿಗೆಗಳಲ್ಲಿ ಇದೆ. ಪಾಸ್‌ವರ್ಡ್ ಇಲ್ಲದ ನಾನು ಏಣಿ ಹತ್ತಿ ಕ್ಯಾಮೆರಾದ ಕತ್ತನ್ನೇ ತಿರುಗಿಸಿ ಬಂದೆ.

ಹಾಕಿಕೊಡುವ ಅಂಗಡಿಯವರಿಗೆ ನಮ್ಮ ಬೇಡಿಕೆ ದೊಡ್ಡದಲ್ಲ. ಬಿಲ್ಲಿನ ಜೊತೆ ಒಂದು ಹಾಳೆ ಕೊಡಿ, ಕನ್ನಡದಲ್ಲೋ ತೆಲುಗಿನಲ್ಲೋ. ಪೆಟ್ಟಿಗೆಯ ಸೀರಿಯಲ್ ನಂಬರು, ಯಾರ ಫೋನಿನಲ್ಲಿ ನೋಂದಣಿ, ಪಾಸ್‌ವರ್ಡ್ ಬದಲಿಸಿ ಒಪ್ಪಿಸಿದ ತಾರೀಖು, ನಿಮ್ಮ ಸಹಿ. ಗಿರಾಕಿಗಳೂ ಈ ಹಾಳೆ ಕೈಗೆ ಬರುವ ತನಕ ಕೊನೆಯ ಕಂತು ಕೊಡಬಾರದು.

ನಾನು ಹಳೇ ಪೆಟ್ಟಿಗೆ ಬಿಚ್ಚಿಸಿ ಬೇರೆ ತಂದೆ, ಈ ಸಲ ಬಿಲ್ ಸಮೇತ. ಗಡಿಯಾರ ನಮ್ಮ ದೇಶದ್ದು. ಜಗುಲಿಯ ಕ್ಯಾಮೆರಾ ಈಗ ಹೊರಗೆ ಬೀದಿ ಕಡೆ ಮುಖ ಮಾಡಿದೆ, ಮನೆಯಾಕೆಯ ಅಪ್ಪಣೆ. ಹೊಸ ಹುಡುಗ ತೆಲುಗಿನಲ್ಲೇ ಹಾಳೆ ಬರೆದು ಸಹಿ ಮಾಡಿಕೊಟ್ಟ. ಅದು ಪಟ್ಟಾದಾರ್ ಪಾಸ್ ಪುಸ್ತಕದ ಜೊತೆ ಟ್ರಂಕಿನಲ್ಲಿದೆ.