ಹತ್ತೋದಲ್ಲ ಸ್ವಾಮಿ, ಇಳಿಯೋದು!

ಡಿಸೆಂಬರ್ ಬಂದರೆ ಸಾಕು, ಬೆಂಗಳೂರಿನ ನಮ್ಮ ಸೈಕಲ್ ಗೆಳೆಯರಿಗೆ ಊಟಿಯ ಹುಚ್ಚು. ಮೊದಲ ಸಲ ಹೊರಟವರಿಗೆ ಇವರ ಸಲಹೆ ಒಂದೇ: ಕಲ್ಹಟ್ಟಿ ಘಾಟಿಯ 36 ತಿರುವು ಹತ್ತಬೇಕು, ಕಾರ್ಬನ್ ಸೈಕಲ್ ತಗೊಳ್ಳಿ! ನನಗಂತೂ ರೇಗುತ್ತೆ. ಹತ್ತಲಾಗದಿದ್ದರೆ ತಳ್ಳಿಕೊಂಡು ಹೋಗಬಹುದಲ್ಲ ಮಾರಾಯ್ರೆ. ಮರುದಿನ ಗೂಡಲೂರಿನ ಕಡೆ ಇಳಿಯುವಾಗ ಬೆರಳು ಮರಗಟ್ಟಿ ಬ್ರೇಕೇ ಹಿಡಿಯಲಾಗದಿದ್ದರೆ?

ಊಟಿ ಇರೋದು 2,240 ಮೀಟರ್ ಎತ್ತರದಲ್ಲಿ. ಜನವರಿಯ ಎಷ್ಟೋ ಬೆಳಗ್ಗೆ ಇಬ್ಬನಿ ಹೆಪ್ಪುಗಟ್ಟಿ ಹುಲ್ಲು ಬೆಳ್ಳಗಾಗಿರುತ್ತೆ. ಪೈಕಾರದವರೆಗಿನ ಏರಿಳಿತಕ್ಕೆ ಬೆವರಿದ ಬನಿಯನ್, ಆಮೇಲೆ ಎದುರುಗಾಳಿ... ಲಕ್ಷದ ಸೈಕಲ್, ಕೈಗೆ ಮಾತ್ರ ಅರ್ಧ ಬೆರಳಿನ ಗ್ಲೌಸು!

ಮೊದಲು ಪೂರ್ತಿ ಬೆರಳು ಮುಚ್ಚುವ ಗ್ಲೌಸು ಕೊಳ್ಳಿ, ಬ್ರೇಕ್ ಪ್ಯಾಡ್ ಬದಲಿಸಿ, ಒಣ ಬನಿಯನ್ ಇಟ್ಟುಕೊಳ್ಳಿ. ರಿಮ್ ಬ್ರೇಕ್ ಆದರೆ ಒತ್ತಿ ಹಿಡಿದೇ ಇಳಿಯಬೇಡಿ, ರಿಮ್ ಕಾದು ಟ್ಯೂಬ್ ಸಿಡಿದೀತು. ಎದೆಗೆ ಹಳೇ ಪೇಪರ್ ತುರುಕಿಕೊಳ್ಳಿ. ನಗಬೇಡಿ, ಯುರೋಪಿನ ರೇಸಿನವರೂ ಆಲ್ಪ್ಸ್ ಇಳಿಯುವಾಗ ಅದನ್ನೇ ಮಾಡುತ್ತಿದ್ದರು :)