ಹೊರಗ ಕೀಲಿ, ಒಳಗ ಎಲ್ಲಾ ಖುಲ್ಲಾ

2025ರ ಅಕ್ಟೋಬರ್ 14ಕ್ಕ ವಿಂಡೋಸ್ 10ರ ಸಪೋರ್ಟ್ ನಿಂತಿತು ನೋಡ್ರಿ, ಆವಾಗ ನಮ್ಮ ಹಳೇ ಲ್ಯಾಪ್‌ಟಾಪಿಗೆ ಅಕ್ಕನ ಮಗ ಲಿನಕ್ಸ್ ಹಾಕಿಕೊಟ್ಟ. "ಮಾವಶಿ, ಇದಕ್ಕ ವೈರಸ್ ಬರೂದಿಲ್ಲ, ಆರಾಮ ಇರು" ಅಂದ. ನಮ್ಮ ಓಣ್ಯಾಗ ಇನ್ನಿಬ್ಬರ ಮನ್ಯಾಗೂ ಲಿನಕ್ಸ್ ಬಂದದ. ಅವರೂ ಇದನ್ನ ಗಿಣಿಪಾಠ ಒಪ್ಪಸ್ತಾರ. ಅದಕ್ಕ ಬರೀಲಿಕ್ಕೆ ಕೂತೆ.

ಹೊಸಾದು ಏನರ ಹಾಕಬೇಕಂದ್ರ ಪಾಸ್‌ವರ್ಡ್ ಕೇಳತದ, ಖರೇ. ಆದ್ರ ಆ ಪಾಸ್‌ವರ್ಡ್ ಕಾಯೂದು ಸಿಸ್ಟಮಿನ ಫೈಲುಗಳನ್ನ. ಅವು ಕೆಟ್ಟರ ಪುಕ್ಕಟೆ ಮತ್ತ ಇಳಿಸ್ಕೋಬಹುದು. ಮಗಳ ಲಗ್ನದ ಫೋಟೋ, ಪಾಸ್‌ಬುಕ್ಕಿನ ಸ್ಕ್ಯಾನ್ ಎಲ್ಲಿಂದ ಇಳಿಸ್ಕೊಳ್ಳೋಣು? ಅವು ಇರೂದು ಹೋಮ್ ಫೋಲ್ಡರಿನ್ಯಾಗ. ಸಾದಾ ರೀತಿಯೊಳಗ ಹಾಕಿದ ಆ್ಯಪ್ ನನ್ನ ಹೆಸರಿಲೇನ ನಡೀತದ. ಅಂದ್ರ ನಾ ಓದೂದನ್ನೆಲ್ಲಾ ಅದೂ ಓದಬಹುದು, ಅಳಸಬಹುದು, ಯಾವ ಪಾಸ್‌ವರ್ಡೂ ಬೇಕಿಲ್ಲ. ನಮ್ಮ ಕೈಯಾಗಿನ ಆಂಡ್ರಾಯ್ಡ್ ಫೋನಿನ ತಳದಾಗೂ ಲಿನಕ್ಸೇ ಅದ. ಅಲ್ಲೆ ಪ್ರತಿ ಆ್ಯಪಿಗೆ ಬ್ಯಾರೆ ಖೋಲಿ, ಫೋಟೋ ನೋಡ್ಲೇನು ಅಂತ ಕೇಳತದ. ಲ್ಯಾಪ್‌ಟಾಪಿನ್ಯಾಗ ಯಾಕ ಬ್ಯಾಡಾತು?

ಉಪಾಯ ಇಲ್ಲಂತಲ್ಲ. ಫ್ಲಾಟ್‌ಪ್ಯಾಕ್ ಅಂತ ಅದ, ಅದೂ ಆ್ಯಪನ್ನ ಬ್ಯಾರೆ ಖೋಲ್ಯಾಗ ಕೂಡಸ್ತದ. ಪೋರ್ಟಲ್ ಅನ್ನೋ ಖಿಡಕಿಯಿಂದ ನಾವು ಆರಿಸಿದ ಫೈಲಷ್ಟ ಒಳಗ ಕೊಡತದ. ನನಗ ಸಿಟ್ಟು ಬಂದದ್ದು ಇಲ್ಲೆ. ಖೋಲಿ ಚಂದ ಕಟ್ಟ್ಯಾರ, ಕೀಲಿಕೈ ಗೊಂಚಲಾ ಮಾತ್ರ ಆ್ಯಪ್ ಮಾಡಿದವರ ಕೈಯಾಗ! ಏನೇನು ಪರವಾನಗಿ ಬೇಕಂತ ಅವರ ಬರ್ಕೊಂಡಿರ್ತಾರ, ನಾವು ಇನ್‌ಸ್ಟಾಲ್ ಒತ್ತಿದ್ರ ಎಲ್ಲಾ ಮಂಜೂರು. ಮೊನ್ನೆ ಹಾಕಿದ ಒಂದು ಫೋಟೋ ತಿದ್ದೋ ಆ್ಯಪಿಗೆ ಇಡೀ ಹೋಮ್ ಫೋಲ್ಡರ್ ಬಿಟ್ಟಿತ್ತು, ಮ್ಯಾಲೆ ಇಂಟರ್ನೆಟ್ಟೂ. ನಳಾ ರಿಪೇರಿಗೆ ಬಂದಾಂವಗ ಬಚ್ಚಲಾ ತೋರಸ್ತೀವಿ, ತಿಜೋರಿ ಕೀಲಿಕೈ ಕೊಡ್ತೀವೇನ್ರಿ?

"ಕೋಡ್ ಎಲ್ಲಾರಿಗೂ ಕಾಣ್ತದ ಮಾವಶಿ, ಯಾರರ ನೋಡೇ ನೋಡ್ತಾರ" ಅಂದ ಹುಡುಗ. ಯಾರರ ಅಂದ್ರ ಯಾರಪಾ? 2024ರಾಗ ಎಕ್ಸ್‌ಝಡ್ ಅನ್ನೋ ಸಾಧನದಾಗ ಯಾರೋ ಕಳ್ಳಬಾಗಲಾ ಇಟ್ಟಿದ್ರು. ಅದು ಸಿಕ್ಕಿದ್ದು ಆಂಡ್ರೆಸ್ ಫ್ರಾಯಿಂಡ್ ಅನ್ನೋ ಇಂಜಿನಿಯರಗ, ಲಾಗಿನ್ ಅರ್ಧ ಸೆಕೆಂಡ್ ತಡಾ ಆಗ್ಲಿಕ್ಹತ್ತೇದ ಯಾಕಂತ ಬೆನ್ನು ಹತ್ತಿದ್ದಕ್ಕ. ಆ ಪುಣ್ಯಾತ್ಮಗ ಆವತ್ತು ಬ್ಯಾಸರಾ ಬಂದಿದ್ರ?

ಕಡೀಕ ಫ್ಲಾಟ್‌ಸೀಲ್ ಅನ್ನೋ ಪುಕ್ಕಟೆ ಆ್ಯಪ್ ಹುಡುಕಿ ಹಾಕ್ಕೊಂಡೆ. ಅದರಾಗ ಫೈಲ್‌ಸಿಸ್ಟಮ್ ಅನ್ನೋ ಕಡೆ ಹೋಮ್ ಬಂದ್ ಮಾಡಿ, ಫೋಟೋ ಫೋಲ್ಡರ್ ಅಷ್ಟ ಬಿಟ್ಟೆ. ಕಲಿಸಿದವರಿಲ್ಲ, ನಾನ ತಡಕಾಡಿ ಮಾಡಿದ್ದು. ಫೋಟೋ ತಿದ್ದೋದು ಮೊದಲಿನಂಗ ನಡದದ. ಹಂಗಾರ ಮನಿ ಪೂರ್ತಿ ಯಾಕ ಬೇಕಾಗಿತ್ತು ಅದಕ್ಕ ಅಂತ ಕೇಳಿದೆ. ಹುಡುಗ ಇನ್ನೂ ಉತ್ತರಾ ಕೊಟ್ಟಿಲ್ಲ.